ಭಂಗಿ ಗಿಡ ಕಟಾವಿಗೆ ಬಂತು ಅಂತ ಹೇಳ್ತಿದ್ದವರು ಯಾರು? ನೌಗಾಂವಿನ ಪೋದ್ದಾರರ ಕಥೆ

ರಾಗಿ ತೆನೆ ಕಂದು ತಿರುಗಿದ್ದು ನೋಡಿ ಕುಡುಗೋಲು ಹಿಡೀತೀವಿ. ಜೋಳಕ್ಕೆ ಕಾಳು ಬಿಡಿಸಿ, ಬುಡದಲ್ಲಿ ಕಪ್ಪು ಚುಕ್ಕೆ ಬಿದ್ದಿದೆಯಾ ಅಂತ ನೋಡ್ತೀವಿ. ಹೊಗೆಸೊಪ್ಪಿಗೆ ಬುಡದ ಎಲೆ ತಿಳಿಹಳದಿಗೆ ತಿರುಗೋದನ್ನ ಕಾದು ಕೆಳಗಿನಿಂದ ಮೇಲಕ್ಕೆ ಮುರೀತಾ ಹೋಗ್ತೀವಿ. ಇದನ್ನೆಲ್ಲ ಯಾರೂ ಪುಸ್ತಕ ಓದಿ ಕಲಿತಿಲ್ಲ. ಅಪ್ಪ ನೋಡ್ತಿದ್ದ, ನಾವೂ ನೋಡಿದ್ವಿ, ಅಷ್ಟೆ.

ಈಗ ಊರಿನ ಹುಡುಗರು ಮೊಬೈಲಿನಲ್ಲಿ ಕೆನಡಾದ ವಿಡಿಯೊ ತೋರಿಸ್ತಾರೆ. ಅಲ್ಲಿ 2018ರ ಅಕ್ಟೋಬರಿನಿಂದ ಒಂದು ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸೋಕೆ ದೇಶದ ಕಾನೂನಿನಲ್ಲೇ ಅವಕಾಶ ಇದೆ. ಆ ಜನ ಭೂತಗನ್ನಡಿ ಹಿಡಿದು ಹೂವಿನ ಮೇಲಿನ ಅಂಟಿನ ಹನಿ ನೀರಿನ ಹಾಗಿದೆಯಾ, ಹಾಲಿನ ಹಾಗಾಯ್ತಾ, ಜೇನಿನ ಬಣ್ಣಕ್ಕೆ ತಿರುಗ್ತಾ ಅಂತ ದಿನಾ ನೋಡ್ತಾ ಕೂತಿರ್ತಾರೆ. ಇದೇನೋ ಹೊಸ ವಿಜ್ಞಾನ ಅಂತ ಹುಡುಗರಿಗೆ ಆಶ್ಚರ್ಯ. ಹೊಸದೇನಲ್ಲ ಸ್ವಾಮಿ. ನೂರೈವತ್ತು ವರ್ಷದ ಹಿಂದೆ ಬಂಗಾಳದ ರೈತರು ಇದೇ ಕೆಲಸವನ್ನ ಬರಿಗಣ್ಣಿನಲ್ಲಿ ಮಾಡ್ತಿದ್ರು, ಅದೂ ಸರ್ಕಾರದ ಪರವಾನಗಿ ಇಟ್ಕೊಂಡು. ಇವತ್ತು ಬರೀತಿರೋದು ಅವರ ಕಥೆ. ಬೆಳೆಯೋ ಪಾಠ ಅಂತ ಯಾರೂ ಓದ್ಬೇಡಿ. ನಮ್ಮಲ್ಲಿ ಅದರ ಗತಿ ಏನು ಅನ್ನೋದನ್ನ ಕೊನೇಲಿ ಹೇಳ್ತೀನಿ.

ಮೊದಲು ಒಂದು ವಿಷಯ. ಈ ಗಿಡಕ್ಕೆ ಹದ ಅನ್ನೋದು ಒಂದಲ್ಲ, ಮೂರು. ನಾರಿಗೆ ಬೆಳೆದ್ರೆ ಗಂಡು ಗಿಡ ಹೂ ಬಿಟ್ಟು ಪರಾಗ ಉದುರಿಸೋ ಹೊತ್ತಿಗೆ ಕೀಳ್ಬೇಕು, ತಡ ಆದ್ರೆ ನಾರು ಒರಟು. ಬೀಜಕ್ಕಾದ್ರೆ ಹೆಣ್ಣು ಗಿಡವನ್ನ ಇನ್ನೂ ವಾರಗಟ್ಟಲೆ ಬಿಡ್ಬೇಕು. ಯುರೋಪಿನ ಹಳೇ ರೈತರು ಅದಕ್ಕೇ ಒಂದೇ ಹೊಲಕ್ಕೆ ಎರಡು ಸಲ ಇಳೀತಿದ್ರು. ಇಂಗ್ಲೆಂಡಿನಲ್ಲಿ ಮೊದಲು ಕೀಳೋ ತೆಳ್ಳನೆ ಗಿಡಕ್ಕೆ ಹೆಣ್ಣಿನ ಹೆಸರಿಟ್ಟು, ಬೀಜ ಹೊತ್ತು ನಿಲ್ಲೋ ಗಟ್ಟಿ ಗಿಡಕ್ಕೆ ಗಂಡಸಿನ ಹೆಸರಿಟ್ಟಿದ್ರು. ಪೂರ್ತಿ ಉಲ್ಟಾ! ಹೆಸರು ತಪ್ಪಿದ್ರೂ ಕೀಳೋ ಹೊತ್ತು ಮಾತ್ರ ತಪ್ಪಿರಲಿಲ್ಲ. ಮೂರನೇ ಹದ ಅಂಟಿಗೆ, ಅಂದ್ರೆ ಗಾಂಜಾಕ್ಕೆ. ಅದೇ ಕಷ್ಟದ್ದು. ಅದರಲ್ಲಿ ಪಳಗಿದ ಊರು ನೌಗಾಂವ್.

ನೌಗಾಂವ್ ಈಗ ಬಾಂಗ್ಲಾದೇಶದಲ್ಲಿದೆ. ಬ್ರಿಟಿಷರ ಕಾಲದಲ್ಲಿ ರಾಜಶಾಹಿ, ದಿನಾಜಪುರ, ಬೋಗ್ರಾ ಜಿಲ್ಲೆಗಳು ಸೇರೋ ಜಾಗದ ಒಂದಿಷ್ಟು ಹಳ್ಳಿಗಳಿಗೆ ‘ಗಾಂಜಾ ಮಹಲ್’ ಅಂತ ಹೆಸರು. ಬಂಗಾಳದಲ್ಲಿ ಬೇರೆ ಕಡೆ ಬೆಳೆಯೋ ಹಾಗಿರಲಿಲ್ಲ, ಇಲ್ಲಿ ಪರವಾನಗಿ ಪಡೆದು ಬೆಳೀಬಹುದಿತ್ತು. ನೀರು ನಿಲ್ಲದ ಎತ್ತರದ ಜಮೀನು ಆರಿಸಿ, ಬೇಸಿಗೆಯಿಂದಲೇ ಉಳುಮೆ ಶುರು. ಆಗಸ್ಟಿನಲ್ಲಿ ಒಟ್ಲು ಪಾತಿಗೆ ಬೀಜ, ಸೆಪ್ಟೆಂಬರಿನಲ್ಲಿ ನಾಟಿ. ಆಮೇಲೆ ಸಗಣಿ ಗೊಬ್ಬರ, ಹಿಂಡಿ ಕೊಟ್ಟು ಬದು ಏರಿಸೋದು, ಬುಡದ ರೆಂಬೆ ಸವರೋದು. ಇಷ್ಟು ಕೇಳಿದ್ರೆ ನಮ್ಮ ಮೆಣಸಿನಗಿಡದ ಆರೈಕೆ ಇದ್ದ ಹಾಗೇ ಇದೆ.

ಮುಖ್ಯ ಘಟ್ಟ ನವೆಂಬರಿನಲ್ಲಿ. ಆಗ ಹೊಲಕ್ಕೆ ಪೋದ್ದಾರ ಬರ್ತಿದ್ದ. ಬಂಗಾಳಿಯಲ್ಲಿ ಪೋದ್ದಾರ ಅಂದ್ರೆ ನಾಣ್ಯ ಪರೀಕ್ಷೆ ಮಾಡೋನು. ನಮ್ಮ ಉತ್ತರ ಕರ್ನಾಟಕದ ಪೋತದಾರ ಅನ್ನೋ ಮನೆತನದ ಹೆಸರೂ ಅದೇ ಬೇರಿನದು. ರೂಪಾಯಿ ಅಸಲಿಯೋ ಖೋಟಾನೋ ಅಂತ ಹೇಳೋನ ಹೆಸರನ್ನ ಗಿಡ ಗಂಡೋ ಹೆಣ್ಣೋ ಅಂತ ಹೇಳೋನಿಗೆ ಇಟ್ಟಿದ್ರು ನೋಡಿ, ಎಂಥ ಸರಿಯಾದ ಹೆಸರು. ಸಾಹೇಬರು ಅವನನ್ನ ‘ಗಾಂಜಾ ಡಾಕ್ಟರ್’ ಅಂತಿದ್ರು.

ಅವನ ಕೆಲಸ ಹೂವು ಅರಳೋಕೆ ಮುಂಚೆ. ಮೊಗ್ಗು ಕಣ್ಣಿಗೆ ಸರಿಯಾಗಿ ಕಾಣದ ಹೊತ್ತಿಗೇ ಸಾಲು ಸಾಲು ನಡೆದು ಗಂಡು ಗಿಡ ಗುರುತಿಸ್ಬೇಕು. ಗುರುತಿಸಿದ್ದನ್ನ ಅಲ್ಲೇ ಕಿತ್ತು ಹಾಕೋದು. ಅವನು ಹೋದ ಮೇಲೂ ರೈತ ಕೈಬಿಡೋ ಹಾಗಿಲ್ಲ, ತಪ್ಪಿಸಿಕೊಂಡ ಗಂಡು ಗಿಡ ಹುಡುಕ್ತಾನೇ ಇರ್ಬೇಕು. ಯಾಕಂದ್ರೆ ಒಂದೇ ಒಂದು ಗಂಡು ಗಿಡ ಉಳಿದ್ರೂ ಪರಾಗ ಗಾಳಿಯಲ್ಲಿ ಹಾರುತ್ತೆ. ಹೆಣ್ಣು ಗಿಡ ಬೀಜ ಕಟ್ಟಿತು ಅಂದ್ರೆ ಅದರ ಶಕ್ತಿಯೆಲ್ಲ ಬೀಜಕ್ಕೆ, ಅಂಟು ಕಮ್ಮಿ. ನಿಮ್ಮ ಹೊಲದ ಗಂಡು ಗಿಡ ಪಕ್ಕದವನ ಬೆಳೆಯನ್ನೂ ಕೆಡಿಸುತ್ತೆ. ಬೀಜೋತ್ಪಾದನೆಗೆ ಹತ್ತಿ, ಮುಸುಕಿನ ಜೋಳ ಹಾಕಿದವರಿಗೆ ಈ ಜಗಳ ಗೊತ್ತು.

ನನ್ನ ಲೆಕ್ಕದಲ್ಲಿ ಕಟಾವಿನ ತೀರ್ಮಾನ ಅರ್ಧ ಆಗಿಬಿಡ್ತಿದ್ದದ್ದು ಈ ನವೆಂಬರಿನಲ್ಲೇ. ಫೆಬ್ರವರಿಯಲ್ಲಿ ಹದ ನೋಡೋಕೆ ಹದ ಅನ್ನೋದು ಗಿಡದಲ್ಲಿ ಇರ್ಬೇಕಲ್ಲ? ಬೀಜ ಕಟ್ಟಿದ ಹೊಲದಲ್ಲಿ ಎಷ್ಟು ದಿನ ಕಾದ್ರೂ ಆ ಹದ ಬರಲ್ಲ.

ಜನವರಿಯಲ್ಲಿ ಹೆಣ್ಣು ಗಿಡಗಳು ಹೂವಿಗೆ ಬರ್ತಿದ್ವು. ಗಂಡು ಸಿಗದ ಹೂಗೊಂಚಲು ಹೊಸ ಹೊಸ ಹೂ ಬಿಡ್ತಾ, ಒತ್ತೊತ್ತಾಗಿ ದಪ್ಪ ಆಗ್ತಾ ಹೋಗುತ್ತೆ. ಮುಟ್ಟಿದ್ರೆ ಬೆರಳಿಗೆ ಅಂಟು. ಫೆಬ್ರವರಿ ಮಧ್ಯದಿಂದ ಮಾರ್ಚ್ ಒಳಗೆ ಕಟಾವು. ರೈತ ನೋಡ್ತಿದ್ದ ಗುರುತು ದೊಡ್ಡದೇನಲ್ಲ: ಎಲೆ ಹಳದಿಯಾಗಿ ಉದುರೋಕೆ ಶುರು, ಹೂಗೊಂಚಲಿನ ಹಸಿರು ಹೋಗಿ ಕಂದು ಛಾಯೆ. ಈಗಿನವರು ಭೂತಗನ್ನಡಿಯಲ್ಲಿ ನೋಡೋದೂ ಅದರ ಪಕ್ಕದ್ದೇ. ಬಿಳೀ ಕೂದಲಿನಂಥ ಹೂವಿನ ಎಳೆ ಒಣಗಿ ಕಂದಾಗೋದು, ಅಂಟಿನ ಹನಿ ಬಣ್ಣ ತಿರುಗೋದು. ಬಣ್ಣ ಪೂರ್ತಿ ತಿರುಗೋವರೆಗೆ ಬಿಟ್ರೆ ಅಂಟಿನ ಸತ್ವ ಮಾರ್ಪಟ್ಟು ಇಳಿಯೋಕೆ ಶುರು ಅಂತ ರಸಾಯನಶಾಸ್ತ್ರ ಆಮೇಲೆ ಹೇಳಿತು.

ಕೊಯ್ದ ಮೇಲೆ ಬೆಳೆ ಮನೆಗೆ ಹೋಗೋ ಹಾಗಿರಲಿಲ್ಲ. ‘ಚಾತರ್’ ಅಂತ ಪರವಾನಗಿ ಇರೋ ಬೇಲಿ ಹಾಕಿದ ಕಣ, ಅಬಕಾರಿ ನೌಕರರ ಕಣ್ಣೆದುರು. ಅಲ್ಲಿಗೇ ತರ್ಬೇಕು. ರಾತ್ರಿ ಇಬ್ಬನಿಗೆ ಹರಡಿ, ಹೂವಿಲ್ಲದ ಕಡ್ಡಿ ಕತ್ತರಿಸಿ ಎಸೆದು, ಬಿಸಿಲಿಗೆ ಹಾಕಿ, ಆಮೇಲೆ ಕಾಲಲ್ಲಿ ತುಳಿಯೋದು. ಅಂಟಿನಿಂದ ಹೂಗೊಂಚಲು ಒಂದಕ್ಕೊಂದು ಕಚ್ಚಿ ಚಪ್ಪಟೆ ಆದ್ರೆ ಅದು ಚಪ್ಪಟೆ ಗಾಂಜಾ. ಉರುಟಾಗಿ ಹೊಸೆದ್ರೆ ಗೋಲ್. ಕಡ್ಡಿಯಿಂದ ಉದುರಿದ ಚೂರೆಲ್ಲ ‘ಚೂರ್’. ಹದ ಮೀರಿ ಒಣಗಿದ್ದು ಕಾಲಡಿಯಲ್ಲಿ ಪುಡಿಯಾಗೋದು, ಎಳಸು ಕೊಯ್ದಿದ್ದು ಕಚ್ಚಿಕೊಳ್ಳೋದೇ ಇಲ್ಲ. ರೈತನ ಕಣ್ಣು ಸರಿಯಿತ್ತೋ ಇಲ್ಲವೋ ಅನ್ನೋದಕ್ಕೆ ಆ ತುಳಿತವೇ ಸಾಕ್ಷಿ.

ಸುಂಕ ತೂಕದ ಮೇಲೆ. ಚಪ್ಪಟೆಯಲ್ಲಿ ಕಡ್ಡಿ ಜಾಸ್ತಿ, ಅದಕ್ಕೆ ಸುಂಕ ಕಮ್ಮಿ. ಗೋಲಿಗೆ ಅದಕ್ಕಿಂತ ಹೆಚ್ಚು. ಕಡ್ಡಿಯೇ ಇಲ್ಲದ ಚೂರಿಗೆ ಎಲ್ಲಕ್ಕಿಂತ ಹೆಚ್ಚು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪರವಾನಗಿ, ದರ್ಜೆ, ಹರಾಜು ಮಾರುಕಟ್ಟೆ, ಬೆಳೆಯೋನು ಒಬ್ಬ, ದರ್ಜೆ ಹೇಳೋನು ಇನ್ನೊಬ್ಬ.

ಇಷ್ಟೆಲ್ಲ ನಮಗೆ ಗೊತ್ತಾಗಿರೋದು ಹೇಗೆ? ರೈತರು ಬರೆದಿಟ್ಟಿದ್ದಲ್ಲ. ಸುಂಕದವರು ಬರೆದಿದ್ದು. 1793ರಲ್ಲೇ ಕಂಪನಿ ಸರ್ಕಾರ ಗಾಂಜಾ ತಯಾರಿಕೆಗೆ, ಮಾರಾಟಕ್ಕೆ ಪರವಾನಗಿ ಬೇಕು ಅಂತ ಕಾನೂನು ಮಾಡಿತ್ತು. 1877ರಲ್ಲಿ ಹೇಮಚಂದ್ರ ಕರ್ ಅನ್ನೋ ಬಂಗಾಳಿ ಅಧಿಕಾರಿ ಈ ಬೇಸಾಯದ ಬಗ್ಗೆ ವಿವರವಾದ ವರದಿ ಬರೆದ್ರು. ಮುಂದೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಮುಖ್ಯಸ್ಥರಾದ ಡೇವಿಡ್ ಪ್ರೇನ್ 1893ರಲ್ಲಿ ಇನ್ನೊಂದು ವರದಿ ಬರೆದ್ರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು, ಏಳು ಜನರ ಆಯೋಗ ನೇಮಕ ಆಯ್ತು. ಅದರಲ್ಲಿ ಮೂವರು ಭಾರತೀಯರು. ಸಾವಿರಕ್ಕೂ ಮೇಲ್ಪಟ್ಟ ಸಾಕ್ಷಿಗಳನ್ನ ವಿಚಾರಿಸಿ 1894ರಲ್ಲಿ ವರದಿ ಕೊಟ್ರು. ಮಿತವಾದ ಬಳಕೆಯಿಂದ ಹೇಳಿಕೊಳ್ಳೋ ಹಾನಿ ಇಲ್ಲ, ಅತಿಯಾದ್ರೆ ಹಾನಿ, ಪೂರ್ತಿ ನಿಷೇಧ ಬೇಡ, ಪರವಾನಗಿ ಮತ್ತು ಸುಂಕದಿಂದ ಹಿಡಿತದಲ್ಲಿಡಿ ಅನ್ನೋದು ಅದರ ಸಾರ. ಸುಂಕದ ಆದಾಯವನ್ನೂ ನೆನಪಿಟ್ಕೊಂಡೇ ಈ ಸಲಹೆ ಓದ್ಬೇಕು ಅನ್ನೋದು ನನ್ನ ಅಭಿಪ್ರಾಯ. ಅಂತೂ ಪೋದ್ದಾರನ ವಿದ್ಯೆ ಸುಂಕದ ಕಡತದಲ್ಲಿ ಉಳೀತು. ಸುಂಕ ಇಲ್ಲದ ನಮ್ಮ ನವಣೆ, ಸಾಮೆಯ ಹದ ನೋಡೋ ವಿದ್ಯೆಯನ್ನ ಇಷ್ಟು ಶ್ರದ್ಧೆಯಿಂದ ಯಾವ ಸಾಹೇಬ ಬರೆದಿಟ್ಟ?

1917ರಲ್ಲಿ ನೌಗಾಂವಿನ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡ್ರು. ಮಾರಾಟ ಸಂಘದ ಕೈಗೆ ಬಂತು. ಲಾಭದಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಆದ್ವು. ಗಾಂಜಾ ದುಡ್ಡಲ್ಲಿ ಮಕ್ಕಳು ಓದಿದ್ರು ಅಂದ್ರೆ ಈಗ ವಿಚಿತ್ರ ಅನ್ಸುತ್ತೆ, ಆದ್ರೆ ಆಗಿದ್ದು ಹಾಗೇ. ನಮ್ಮಲ್ಲೂ ಈ ಸೊಪ್ಪು ಪರಕೀಯ ಅಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಅದನ್ನ ಪ್ರಸಾದ ಅಂತ ಕಾಣೋ ಭಕ್ತರಿದ್ದಾರೆ.

ದೇಶ ವಿಭಜನೆಯಲ್ಲಿ ನೌಗಾಂವ್ ಪೂರ್ವ ಪಾಕಿಸ್ತಾನಕ್ಕೆ ಹೋಯ್ತು. 1961ರ ಅಂತರರಾಷ್ಟ್ರೀಯ ಒಪ್ಪಂದ ಇಂಥ ಬಳಕೆಯನ್ನ 25 ವರ್ಷದಲ್ಲಿ ನಿಲ್ಲಿಸಿ ಅಂತು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಬಂತು. ಆ ಕಾಯ್ದೆ ಗಾಂಜಾ ಅಂದ್ರೆ ಏನು ಅಂತ ಹೇಳೋ ಮಾತು ಓದಿದ್ರೆ ನನಗೆ ಪೋದ್ದಾರ ನೆನಪಾಗ್ತಾನೆ: ಹೂವು ಅಥವಾ ಕಾಯಿ ಬಿಟ್ಟ ತುದಿ ಮಾತ್ರ ಗಾಂಜಾ, ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಕೋರ್ಟಿನಲ್ಲಿ ವಕೀಲರು ಸೊಪ್ಪೋ ಹೂವೋ ಅಂತ ವಾದ ಮಾಡೋದು ಇದೇ ಮಾತು ಹಿಡಿದು.

ಆದ್ರೆ ಬೆಳೆದವನಿಗೆ ಈ ವಾದ ದಕ್ಕಲ್ಲ, ಇದನ್ನ ಸರಿಯಾಗಿ ಗಮನಿಸಿ. ಬೇಸಾಯದ ಮಟ್ಟಿಗೆ ಕಾನೂನು ಹೂವಿಗೆ ಕಾಯಲ್ಲ. ಪರವಾನಗಿ ಇಲ್ಲದೆ ಗಿಡ ಬೆಳೆಸಿದ್ದೇ ಅಪರಾಧ. ಗಂಡೋ ಹೆಣ್ಣೋ, ಎಳಸೋ ಬಲಿತದ್ದೋ, ಯಾರೂ ಕೇಳಲ್ಲ. 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ತೊಗರಿ ಸಾಲಿನ ಮಧ್ಯೆ, ಹತ್ತಿ ಮಧ್ಯೆ ನಾಲ್ಕು ಗಿಡ ಇಟ್ರೆ ದುಡ್ಡು ಕೊಡ್ತೀವಿ ಅಂತ ಬರೋರು ಮಾಲು ಬಲಿತ ದಿನ ಬರೋರು. ಅಲ್ಲಿವರೆಗೆ ಪಹಣಿಯಲ್ಲಿರೋದು ನಿಮ್ಮ ಹೆಸರು. ಉತ್ತರಾಖಂಡದಲ್ಲಿ 2018ರಿಂದ ನಾರಿನ ಭಂಗಿಗೆ ಪರವಾನಗಿ ಕೊಡ್ತಿದ್ದಾರೆ, ಅಮಲು ತೀರಾ ಕಮ್ಮಿ ಇರೋ ತಳಿಗೆ ಮಾತ್ರ. ಅದನ್ನ ತೋರಿಸಿ ಇಲ್ಲಿ ಬೀಜ ಮಾರೋಕೆ ಬಂದ್ರೆ ನಮ್ಮ ರಾಜ್ಯದ ಪರವಾನಗಿ ಕಾಗದ ಕೇಳಿ.

ಬಾಂಗ್ಲಾದೇಶವೂ 1980ರ ದಶಕದ ಕೊನೆ ಹೊತ್ತಿಗೆ ಗಾಂಜಾ ಬೇಸಾಯ ನಿಲ್ಲಿಸಿತು. ಈಗ ನೌಗಾಂವ್ ಜಿಲ್ಲೆ ಅಂದ್ರೆ ಭತ್ತ, ಮಾವು. ನವೆಂಬರಿನಲ್ಲಿ ಅಲ್ಲಿ ಭತ್ತದ ಕೊಯ್ಲು ನಡೀತಿರುತ್ತೆ, ಸಾಲಿನಲ್ಲಿ ಗಂಡು ಗಿಡ ಹುಡುಕೋಕೆ ಯಾರೂ ಬರಲ್ಲ.