ಬಾಡಿಗೆದಾರನ ಪೇಟ

‘ಪಗಡಿ’ ಎಂದರೆ ಪೇಟ, ಗೌರವದ ಗುರುತು. ಆದರೆ ಮುಂಬಯಿಯಲ್ಲಿ ಹಳೆಯ ಚಾಳುಗಳಲ್ಲಿ ಕೋಣೆ ಹುಡುಕುತ್ತಿದ್ದವರಿಗೆ ಈ ಪದದ ಅರ್ಥವೇ ಬೇರೆ. ಬಾಡಿಗೆಗೆ ಮುನ್ನ, ರಸೀದಿಯಿಲ್ಲದೆ, ಇಡಿಗಂಟಾಗಿ ತೆರಬೇಕಾದ ಹಣವೇ ಪಗಡಿ. ಕಲ್ಕತ್ತೆಯಲ್ಲಿ ಇಂಥದೇ ಹಣಕ್ಕೆ ‘ಸಲಾಮಿ’ ಎಂಬ ಹೆಸರು. ಪೇಟ, ಸಲಾಮು ಎರಡೂ ಮರ್ಯಾದೆಯ ಮಾತುಗಳೇ. ಒಳಗಿನ ವ್ಯವಹಾರ ಮಾತ್ರ ಕಾನೂನುಬಾಹಿರ.

ಈ ಪೇಟ ನೇಯ್ದದ್ದು ಬಾಡಿಗೆ ನಿಯಂತ್ರಣ ಕಾಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮನೆಗಳ ಅಭಾವ ತಲೆದೋರಿದಾಗ, 1918ರಲ್ಲಿ ಸರ್ಕಾರ ಬಾಡಿಗೆಗೆ ಮಿತಿ ಹಾಕಿತು. ತಾತ್ಕಾಲಿಕವಾಗಿ ಬಂದ ಕ್ರಮ ಮುಂದೆ ಬೇರೆ ರೂಪದಲ್ಲಿ ಬೇರೂರಿತು. 1947ರ ಮುಂಬಯಿ ಕಾಯಿದೆಯು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು. ತೆರಿಗೆ ಮೊದಲಾದವುಗಳ ಅಲ್ಪ ಹೆಚ್ಚಳ ಬಿಟ್ಟರೆ, ಅಜ್ಜನ ಬಾಡಿಗೆಯೇ ಮೊಮ್ಮಗನ ಬಾಡಿಗೆಯಾಯಿತು.

ಲಾಭ ಯಾರಿಗೆ? ಗಿರಣಿ ಕಾರ್ಮಿಕನ ಕುಟುಂಬಕ್ಕೆ ಖಂಡಿತ ಆಯಿತು. ಎಬ್ಬಿಸಿಯಾರೆಂಬ ಭಯವಿಲ್ಲದೆ ಮಕ್ಕಳು ಬೆಳೆದರು. ಆದರೆ ಕಾಯಿದೆ ಯಾರ ಆದಾಯವನ್ನೂ ಕೇಳಲಿಲ್ಲ. ದಕ್ಷಿಣ ಮುಂಬಯಿಯ ವಿಶಾಲ ಫ್ಲ್ಯಾಟುಗಳ ಸಿರಿವಂತರಿಗೂ, ಬ್ಯಾಂಕು, ದೊಡ್ಡ ಕಂಪೆನಿಗಳಿಗೂ ಅದೇ ರಕ್ಷಣೆ ದೊರೆಯಿತು. ಮೊದಲು ಬಂದವನೇ ಗೆದ್ದವನು. ತಡವಾಗಿ ಊರಿಗೆ ಬಂದ ಬಡವ ಕಡಿಮೆ ಬಾಡಿಗೆಯ ಹೊಸ್ತಿಲು ದಾಟಬೇಕಾದರೆ ಪಗಡಿ ಕೊಡಬೇಕಿತ್ತು. ಹಳೆಯ ಬಾಡಿಗೆದಾರ ಮನೆ ಬಿಟ್ಟುಕೊಡುವಾಗ ಪಡೆಯುತ್ತಿದ್ದ ಆ ಹಣದಲ್ಲಿ ಮಾಲೀಕನಿಗೂ ಪಾಲಿತ್ತು. ಅತ್ತ, ಬಾಡಿಗೆಯಿಂದ ಸುಣ್ಣಬಣ್ಣದ ಖರ್ಚೂ ಹುಟ್ಟದ ಮಾಲೀಕ ದುರಸ್ತಿ ಕೈಬಿಟ್ಟ. ಮಳೆಗಾಲದಲ್ಲಿ ಕಟ್ಟಡಗಳು ಕುಸಿದು ಜನ ಸತ್ತರು. ಕಡೆಗೆ, ಹಳೆಯ ಕಟ್ಟಡಗಳ ಮೇಲೆ ಕರ ವಿಧಿಸಿ ಅವುಗಳ ದುರಸ್ತಿಗೆಂದೇ ಮಂಡಳಿ ರಚಿಸಲು ಸರ್ಕಾರ 1969ರಲ್ಲಿ ಕಾಯಿದೆ ತರಬೇಕಾಯಿತು.

1997ರಲ್ಲಿ ಸುಪ್ರೀಂ ಕೋರ್ಟ್, ಹೀಗೆ ಬಾಡಿಗೆಯನ್ನು ಹಳೆಯ ದರಕ್ಕೇ ಕಟ್ಟಿಹಾಕಿದ್ದು ಕಾಲ ಕಳೆದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲ ಎಂದು ಹೇಳಿತು. 2000ದ ಮಾರ್ಚ್ 31ರಿಂದ ಜಾರಿಯಾದ ಮಹಾರಾಷ್ಟ್ರದ ಹೊಸ ಕಾಯಿದೆ ವರ್ಷಕ್ಕೆ ಶೇ 4ರ ಹೆಚ್ಚಳಕ್ಕೆ ಅವಕಾಶ ನೀಡಿ, ಬ್ಯಾಂಕುಗಳನ್ನೂ ದೊಡ್ಡ ಕಂಪೆನಿಗಳನ್ನೂ ರಕ್ಷಣೆಯಿಂದ ಹೊರಗಿಟ್ಟಿತು. ಜೊತೆಗೆ, ಅರ್ಧ ಶತಮಾನ ಅಪರಾಧವಾಗಿದ್ದ ಪಗಡಿಯನ್ನು ಸಕ್ರಮಗೊಳಿಸಿತು.

ಕಾಯಿದೆಯ ತಕ್ಕಡಿಯಲ್ಲಿ ತೂಗಿದ್ದು ಇಬ್ಬರನ್ನೇ: ಮಾಲೀಕ ಮತ್ತು ಬಾಡಿಗೆದಾರ. ಇನ್ನೂ ಬಾಡಿಗೆದಾರನಾಗದ ಮೂರನೆಯವನ ಪಾಡನ್ನು ಆಡಿ ತೋರಿಸಿದ್ದು ‘ಪಗಡಿ’ ಎಂಬ ಈ ಕುಹಕದ ಪದ ಮಾತ್ರ. ಹಣ ತೆತ್ತವನು ಅವನು. ಪೇಟ ತೊಟ್ಟವರು ಬೇರೆಯವರು.