ಸೊಂಟದ ಚೆಂಡು ಮತ್ತು ಕ್ಷಯದ ಹೆಸರು

ಕುಂಟುವ ಮಗುವಿಗೆ ನಮ್ಮ ಭಾಷೆಗಳು ಬಲುಬೇಗ ಹೆಸರಿಡುತ್ತವೆ. ಕನ್ನಡದಲ್ಲಿ ಕುಂಟ, ಉರ್ದುವಿನಲ್ಲಿ ಲಂಗ್ಡಾ. ಒಮ್ಮೆ ಹೆಸರು ಬಿದ್ದಮೇಲೆ ಅದು ಯಾಕೆ ಕುಂಟುತ್ತಿದೆ ಎಂದು ಕೇಳುವವರು ಕಡಿಮೆ. ಬೀದಿಯ ಜನ ಮಾತ್ರ ಹೀಗೆ ಎಂದುಕೊಳ್ಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಸೊಂಟದ ಕೀಲು ನೋವೆಂದು ಕುಂಟುತ್ತಾ ಬಂದ ಮಗುವಿಗೆ ದೊಡ್ಡ ದೊಡ್ಡ ವೈದ್ಯರು ಸಾಮಾನ್ಯವಾಗಿ ಕೊಡುತ್ತಿದ್ದ ಹೆಸರೂ ಒಂದೇ ಆಗಿತ್ತು: ಮೂಳೆಯ ಕ್ಷಯ.

ಅವರನ್ನು ಮೂರ್ಖರೆನ್ನಲಾಗದು. ಆ ಕಾಲದಲ್ಲಿ ಕ್ಷಯ ಮನೆಮನೆಯ ಕಾಯಿಲೆ. 1882ರಲ್ಲಿ ರಾಬರ್ಟ್ ಕಾಕ್ ಅದರ ರೋಗಾಣುವನ್ನು ತೋರಿಸಿಕೊಟ್ಟಿದ್ದರೂ ಅದನ್ನು ಕೊಲ್ಲುವ ಔಷಧಿಗೆ ಜಗತ್ತು 1940ರ ದಶಕದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ವಿಶ್ರಾಂತಿ, ಬಿಸಿಲು, ಕಡಲ ಗಾಳಿ. ಉತ್ತರ ಫ್ರಾನ್ಸಿನ ಬೆರ್ಕ್ ಎಂಬ ಕಡಲತೀರದ ಊರು ಇಂಥ ಮಕ್ಕಳ ಆಸ್ಪತ್ರೆಗಳಿಂದಲೇ ಹೆಸರಾಯಿತು. ಪ್ಲಾಸ್ಟರಿನಲ್ಲಿ ಬಿಗಿದ ಮಕ್ಕಳನ್ನು ಅಂಗಾತ ಮಲಗಿಸಿ, ಚಕ್ರದ ಗಾಡಿಗಳಲ್ಲಿ ತಳ್ಳಿಕೊಂಡು ಕಡಲ ದಂಡೆಗೆ ಒಯ್ಯುತ್ತಿದ್ದರು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಅವರ ನಡುವೆ ಕ್ಷಯವೇ ಇಲ್ಲದ ಮಕ್ಕಳೂ ಇದ್ದರು.

ಅವರಿಗೆ ಇದ್ದದ್ದೇನು? ಸೊಂಟದ ಕೀಲೆಂದರೆ ಬಟ್ಟಲಿನೊಳಗೆ ಕೂತ ಚೆಂಡು. ಮಗುವಿನಲ್ಲಿ ಈ ಚೆಂಡು ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ. ಚೆಂಡಿಗೂ ತೊಡೆಮೂಳೆಯ ಕುತ್ತಿಗೆಗೂ ನಡುವೆ ಮೆದುಮೂಳೆಯ ಒಂದು ಪದರ ಇರುತ್ತದೆ. ಎಲುಬು ಬೆಳೆಯುವುದು ಅಲ್ಲಿಂದ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಎಳವೆಯಲ್ಲಿ ರಕ್ತನಾಳಗಳು ಈ ಪದರವನ್ನು ದಾಟಿ ಹೋಗುವುದಿಲ್ಲವಾದ್ದರಿಂದ ಚೆಂಡು ಬದುಕುವುದು ಕುತ್ತಿಗೆಯನ್ನು ಬಳಸಿ ಬರುವ ಕೆಲವೇ ಸಣ್ಣ ನಾಳಗಳ ಮೇಲೆ. ಅವು ಕಟ್ಟಿಕೊಂಡರೆ ಚೆಂಡಿನ ಎಲುಬು ಸಾಯುತ್ತದೆ, ಚೂರಾಗುತ್ತದೆ. ಮತ್ತೆ ರಕ್ತ ಹರಿದು ಹೊಸ ಎಲುಬು ತುಂಬಲು ಕೆಲವು ವರ್ಷಗಳೇ ಬೇಕು. ಅಷ್ಟರೊಳಗೆ ಚೆಂಡು ಚಪ್ಪಟೆಯಾಯಿತೆಂದರೆ ಮುಂದೆ ಆ ಕೀಲು ಬೇಗ ಸವೆಯುತ್ತದೆ.

1895ರ ನವೆಂಬರ್ 8ರಂದು ಜರ್ಮನಿಯ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು. ಸ್ವಲ್ಪ ಕಾಲದಲ್ಲೇ ಅದು ಆಸ್ಪತ್ರೆಗಳನ್ನು ಸೇರಿತು. ಹಾಗಿದ್ದೂ ಈ ಬೇರೆ ಕಾಯಿಲೆಗೆ ಬೇರೆ ಗುರುತು ಸಿಗಲು 1910 ಬರಬೇಕಾಯಿತು. ಈ ಹದಿನೈದು ವರ್ಷಗಳೇ ನಮಗೆ ಮುಖ್ಯ. ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ 1909ರಲ್ಲೇ ಇಂಥ ಸೊಂಟಗಳ ಎಕ್ಸ್‌ರೇ ಚಿತ್ರಗಳನ್ನು ಪ್ರಕಟಿಸಿದ್ದರು. ಅವರೇ ಮೊದಲಿಗರೆಂದು ಹೇಳಬೇಕು. ಆದರೆ ಚಿತ್ರದ ಕೆಳಗೆ ಅವರು ಬರೆದದ್ದು ಕ್ಷಯವೆಂದೇ. ಕಣ್ಣ ಮುಂದೆ ಹೊಸದು ಇದ್ದಾಗಲೂ ಕೈ ಹಳೆಯ ಹೆಸರನ್ನೇ ಬರೆಯುತ್ತದೆ. ಕತೆ ಬರೆಯುವ ನಮಗೆ ಇದು ತೀರ ಪರಿಚಿತ.

ಮರುವರ್ಷ ಮೂರು ದೇಶಗಳಲ್ಲಿ ಮೂವರು ಬೇರೆ ಬೇರೆಯಾಗಿ ಇದು ಕ್ಷಯವಲ್ಲವೆಂದರು. ಬಾಸ್ಟನ್ನಿನ ಆರ್ಥರ್ ಲೆಗ್, ಫ್ರಾನ್ಸಿನ ಜಾಕ್ ಕಾಲ್ವೆ, ಜರ್ಮನಿಯ ಗೇಯೊರ್ಗ್ ಪೆರ್ಥೆಸ್. ಕಾಲ್ವೆ ಕೆಲಸ ಮಾಡುತ್ತಿದ್ದದ್ದು ಅದೇ ಬೆರ್ಕ್‌ನಲ್ಲಿ. ಕ್ಷಯವೆಂದು ಮಲಗಿಸಿದ್ದ ಮಕ್ಕಳ ಚಿತ್ರಗಳ ರಾಶಿಯಲ್ಲಿ ಅವರು ಹತ್ತು ಮಕ್ಕಳನ್ನು ಬೇರೆ ತೆಗೆದರು. ಕ್ಷಯ ಕೀಲಿನ ಸಂದನ್ನೇ ತಿಂದುಹಾಕುತ್ತದೆ. ಈ ಮಕ್ಕಳಲ್ಲಿ ಸಂದು ಉಳಿದಿತ್ತು, ಕೆಟ್ಟದ್ದು ಚೆಂಡು ಮಾತ್ರ. ಮಕ್ಕಳು ಸೊರಗಿಯೂ ಇರಲಿಲ್ಲ. ಪೆರ್ಥೆಸ್ ಎಕ್ಸ್‌ರೇ ಹುಚ್ಚಿನ ಮನುಷ್ಯ. ಚೀನಾಕ್ಕೆ ಹೋಗಿದ್ದಾಗ ಅಲ್ಲಿನ ಹೆಂಗಸರ ಕಟ್ಟಿಹಾಕಿದ ಪಾದಗಳ ಚಿತ್ರವನ್ನೂ ತೆಗೆದುಕೊಂಡು ಬಂದವರು. 1913ರಲ್ಲಿ ಇಂಥ ಚೆಂಡಿನ ತುಣುಕನ್ನು ಪರೀಕ್ಷಿಸಿ, ಕ್ಷಯದ ಕುರುಹಿಲ್ಲವೆಂದು ತೋರಿಸಿದರು. ಕಾಯಿಲೆಗೆ ಅವರ ಹೆಸರೇ ನಿಂತಿತು.

ಇನ್ನೊಂದು ಕಾಯಿಲೆ ಸ್ವಲ್ಪ ದೊಡ್ಡ ಮಕ್ಕಳದು. ಮೈ ಬೆಳೆಯುವ ಹನ್ನೆರಡು ಹದಿಮೂರರ ಸುಮಾರಿಗೆ, ಹೆಚ್ಚಾಗಿ ತೂಕದ ಮಕ್ಕಳಲ್ಲಿ, ಬೆಳೆಯುವ ಪದರದಲ್ಲೇ ಚೆಂಡು ಜಾರುತ್ತದೆ. ಇದರ ಮೋಸವೆಂದರೆ ಹಲವು ಮಕ್ಕಳು ತೋರಿಸುವುದು ಮಂಡಿಯನ್ನು. ಮಂಡಿಯ ಎಕ್ಸ್‌ರೇ ತೆಗೆಯುತ್ತಾರೆ, ಅದು ಚೆನ್ನಾಗಿರುತ್ತದೆ, ಮಗು ಮನೆಗೆ ಹೋಗುತ್ತದೆ. ಸೊಂಟದ ಚಿತ್ರ ತೆಗೆದರೂ ಎದುರಿನಿಂದ ಮಾತ್ರ ತೆಗೆದರೆ ಸಾಲದು. ಚೆಂಡು ಹಿಂದಕ್ಕೆ ಜಾರುವುದರಿಂದ ಕಪ್ಪೆಯ ಹಾಗೆ ಕಾಲು ಅಗಲಿಸಿ ಇನ್ನೊಂದು ತೆಗೆಯಬೇಕು. 1952ರಲ್ಲಿ ಅಮೆರಿಕದ ಕ್ಲೈನ್ ಒಂದು ಸುಲಭದ ಗೆರೆ ಹೇಳಿಕೊಟ್ಟರು. ತೊಡೆಮೂಳೆಯ ಕುತ್ತಿಗೆಯ ಮೇಲಂಚಿನ ಗುಂಟ ಗೆರೆ ಎಳೆದರೆ ಅದು ಚೆಂಡಿನ ಒಂದಿಷ್ಟು ಭಾಗವನ್ನು ಕತ್ತರಿಸಿ ಹೋಗಬೇಕು. ಹೋಗದಿದ್ದರೆ ಅನುಮಾನಿಸಬೇಕು. ಸ್ಕೇಲು, ಪೆನ್ಸಿಲ್ಲು ಸಾಕು.

ಪೆರ್ಥೆಸ್ ಕಾಯಿಲೆಯಲ್ಲಿ ಮೊದಲ ವಾರಗಳಲ್ಲಿ ಎಕ್ಸ್‌ರೇ ಕೂಡ ಏನನ್ನೂ ತೋರಿಸದಿರಬಹುದು. ಎಂಆರ್‌ಐ ಬಂದಮೇಲೆ ಆ ಕಾಯುವಿಕೆ ಕಡಿಮೆಯಾಯಿತು, ಅದರ ಖರ್ಚು ಹೊರಬಲ್ಲವರಿಗೆ. ಈ ಮಾತು ಹೇಳಲು ಕಾರಣವಿದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಈ ಕಾಯಿಲೆ ಬಡವರ ಬೀದಿಗಳಲ್ಲೇ ಹೆಚ್ಚೆಂದು ಕಂಡುಬಂದಿತ್ತು. 1988ರಲ್ಲಿ ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಲೆಕ್ಕ ಪ್ರಕಟಿಸಿದಾಗ ಅದು ಎದ್ದು ಕಂಡದ್ದು ನಮ್ಮ ಪಡುವಣ ಕರಾವಳಿಯ ಹಳ್ಳಿಗಳಲ್ಲಿ. ಇಲ್ಲಿನ ಮಕ್ಕಳಿಗೆ ಅದು ಪಶ್ಚಿಮದ ಮಕ್ಕಳಿಗಿಂತ ತುಸು ದೊಡ್ಡ ವಯಸ್ಸಿನಲ್ಲಿ ಬರುತ್ತದೆ. ಯಾಕೆಂಬುದು ಇನ್ನೂ ಖಚಿತವಾಗಿಲ್ಲ.

ಅದೇ ತಂಡ 2003ರಲ್ಲಿ 610 ಮಕ್ಕಳ ಎಕ್ಸ್‌ರೇಗಳನ್ನು ಸಾಲಾಗಿ ಓದಿ ಕಾಯಿಲೆಯ ಹಂತಗಳನ್ನು ಬಿಡಿಸಿಟ್ಟಿತು. ಅವರಿಗೆ ಕಂಡದ್ದು ಇಷ್ಟು. ಚೆಂಡಿನ ಆಕಾರ ಕೆಡುವುದು ಕಾಯಿಲೆಯ ಕೊನೆಯಲ್ಲಲ್ಲ, ಎಲುಬು ಚೂರಾಗುತ್ತಿರುವ ಹಂತದಲ್ಲೇ. ಚೆಂಡನ್ನು ಬಟ್ಟಲಿನೊಳಗೆ ಹಿಡಿದಿಡುವ ಚಿಕಿತ್ಸೆ ಆ ಹಂತ ಮುಗಿಯುತ್ತಾ ಬರುವ ಮೊದಲೇ ಆಗಬೇಕು. ಹಳ್ಳಿಯಿಂದ ಬಸ್ಸು ಹತ್ತಿ, ಶಾಲೆ ತಪ್ಪಿಸಿ, ಅಪ್ಪನ ಒಂದು ದಿನದ ಕೂಲಿ ಕಳೆದು ಬರುವ ಮಗುವಿನ ಮೊದಲ ಚಿತ್ರ ಅದಕ್ಕೂ ಮುಂಚೆ ತೆಗೆದಿರಬೇಕು.