ಖಂಡಸ್ಫುಟಿತ ಜೀರ್ಣೋದ್ಧಾರ: ರನ್ನನ ನಾಡಿನ ಕಲ್ಲುಕಟ್ಟಡಗಳ ದುರಸ್ತಿಯ ಚರಿತ್ರೆ

ಬೆಳುಗಲಿಯಲ್ಲಿ, ಅಂದರೆ ಇಂದಿನ ಮುಧೋಳ ತಾಲೂಕಿನ ರನ್ನ ಬೆಳಗಲಿಯಲ್ಲಿ, ಬಳೆಗಾರರ ಮನೆತನದಲ್ಲಿ 949ರಲ್ಲಿ ಹುಟ್ಟಿದ ಕವಿ ರನ್ನನ ಕಾಲದ ಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಪದಪುಂಜ ಮತ್ತೆ ಮತ್ತೆ ಎದುರಾಗುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಅವುಗಳನ್ನು ಸರಿಪಡಿಸುವ ವೆಚ್ಚಕ್ಕಾಗಿ ದೇವರ ಅಂಗಭೋಗ, ನೈವೇದ್ಯ, ತಪೋಧನರ ಆಹಾರದಾನಗಳ ಸಾಲಿನಲ್ಲಿಯೇ ಇಂತಿಷ್ಟು ಮತ್ತರು ಭೂಮಿಯನ್ನು ಬಿಟ್ಟುಕೊಡಲಾಗುತ್ತಿತ್ತು. ಕಟ್ಟಿಸಿದವರು ಕಟ್ಟಡ ಹಾಳಾಗುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರೆಂಬುದು, ದುರಸ್ತಿಯು ಆಪತ್ತಿನ ಕೆಲಸವಾಗಿರದೆ ಹೊಲದ ಹುಟ್ಟುವಳಿಯಿಂದ ನಡೆಯುವ ನಿತ್ಯದ ಖರ್ಚಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ್ದೂ (ಅಲ್ಲಿನ ಶಾಸನ 1007ರದ್ದು) ಇಂಥ ದತ್ತಿಗಳ ಲೋಕದಲ್ಲಿಯೇ.

ದತ್ತಿಯ ಭೂಮಿ ಕೈತಪ್ಪಿದ ಮೇಲೆ ಕಟ್ಟಡಗಳ ಗತಿಯೇನಾಯಿತೆಂಬುದನ್ನು ಮಲಪ್ರಭೆಯ ದಂಡೆಯ ಐಹೊಳೆ ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಊರು ಗುಡಿಗಳ ಒಳಗೇ ಬೆಳೆಯಿತು. ಒಕ್ಕಲುಗಳು ಮಂಟಪಗಳಲ್ಲಿ ನೆಲೆಸಿದವು, ಗುಡಿಯ ಗೋಡೆಗೆ ಮನೆಯ ಗೋಡೆ ಆತುಕೊಂಡಿತು. ಲಾಡ್ ಖಾನ್ ಗುಡಿಗೆ ಅದರಲ್ಲಿ ವಾಸಿಸುತ್ತಿದ್ದವನ ಹೆಸರೇ ನಿಂತಿತು, ದುರ್ಗ ಗುಡಿಗೆ ದೇವಿಯಿಂದಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ ಹೆಸರು ಬಂದಿತು. ಇದನ್ನು ಬರಿಯ ಅತಿಕ್ರಮಣವೆಂದು ಬರೆಯುವುದು ವಾಡಿಕೆಯಾದರೂ, ಜನವಸತಿಯಿದ್ದ ಮಂಟಪದಲ್ಲಿ ಒಲೆಯ ಹೊಗೆ ಕಲ್ಲನ್ನು ಕಪ್ಪಾಗಿಸಿತೇ ಹೊರತು ಅರಳಿಯ ಸಸಿ ಬೇರುಬಿಡಲು ಅವಕಾಶ ಸಿಕ್ಕುತ್ತಿರಲಿಲ್ಲವೆಂಬುದನ್ನೂ ನೆನೆಯಬೇಕು.

1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಸರ್ವೇಕ್ಷಣೆ ನಡೆಸಿದನು. ಆತನ ಬಳಿಕ ಹೆನ್ರಿ ಕಸಿನ್ಸ್ ಈ ಗುಡಿಗಳನ್ನು ಅಳೆದು, ಚಿತ್ರಿಸಿ, ಚಾಲುಕ್ಯ ವಾಸ್ತುವಿನ ಮೇಲಿನ ತನ್ನ ಗ್ರಂಥವನ್ನು 1926ರಲ್ಲಿ ಹೊರತಂದನು. 1904ರ ಪ್ರಾಚೀನ ಸ್ಮಾರಕಗಳ ಕಾಯಿದೆಯಿಂದ ಗುಡಿಯು ಸ್ಮಾರಕವಾಯಿತು. 1958ರ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯು ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಇದೇ ಅವಧಿಯಲ್ಲಿ ದುರಸ್ತಿಯ ಅರ್ಥವೂ ಬದಲಾಯಿತು. ಹಳೆಯ ಜೀರ್ಣೋದ್ಧಾರದಲ್ಲಿ ಕುಸಿದ ಶಿಖರದ ಬದಲು ಹೊಸ ಮಾದರಿಯ ಶಿಖರವನ್ನೇರಿಸಲು ಅಡ್ಡಿಯಿರಲಿಲ್ಲ. ಇಟಲಿಯ ವೆನಿಸ್ಸಿನಲ್ಲಿ 1964ರಲ್ಲಿ ರೂಪುಗೊಂಡ ಸನ್ನದಿನ ಪ್ರಕಾರವಾದರೋ ಊಹೆ ತೊಡಗುವ ಕಡೆ ದುರಸ್ತಿ ನಿಲ್ಲಬೇಕು, ಬಿದ್ದ ಕಲ್ಲುಗಳನ್ನೇ ಅವುಗಳ ಜಾಗದಲ್ಲಿ ಮರುಜೋಡಿಸಬಹುದು.

ಚಾಲುಕ್ಯರ ಮರಳುಗಲ್ಲಿನ ಗುಡಿಗಳಿಗೆ ಈ ಮರುಜೋಡಣೆ ಒಗ್ಗುತ್ತದೆ, ಏಕೆಂದರೆ ಅವುಗಳ ದಿಮ್ಮಿಗಳು ಗಾರೆಯಿಲ್ಲದೆ ತಮ್ಮ ಭಾರದಿಂದಲೇ ಕೂಡಿ ನಿಂತಿವೆ. ಗಾರೆ ಬೇಕಾದ ಕಡೆ ಹಿಂದೆ ಬಳಸುತ್ತಿದ್ದುದು ಗಚ್ಚು: ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಎತ್ತು ತಿರುಗಿಸುವ ಕಲ್ಲುಗಾಲಿಯಡಿ ಅರೆದು, ಬೆಲ್ಲ ಹಾಗೂ ಅಳಲೆಕಾಯಿಯ ನೀರನ್ನು ಬೆರೆಸಿ ಹದಮಾಡಿದ ಮಿಶ್ರಣ. ಕಲ್ಲಿಗಿಂತ ಮೆದುವಾದ ಗಚ್ಚು ಒಳಗಿನ ತೇವವನ್ನು ಹೊರಬಿಡುತ್ತದೆ. ಕಲ್ಲಿಗಿಂತ ಬಿರುಸಾದ ಸಿಮೆಂಟು ತೇವವನ್ನು ತಡೆದು, ಉಪ್ಪನ್ನು ಕಲ್ಲಿನ ಮೈಯಲ್ಲಿ ಉಳಿಸಿ, ಸಂದಿನಂಚಿನ ಕಲ್ಲೇ ಚಕ್ಕೆಯೇಳುವಂತೆ ಮಾಡುತ್ತದೆ.

ಗುಡಿಯ ಗೌರವ ಮನೆಗೆ ಸಿಕ್ಕಿಲ್ಲ. ಮುಧೋಳ, ಜಮಖಂಡಿ ಸೀಮೆಯ ಹಳೆಯ ಮನೆಗಳ ಕಲ್ಲುಗೋಡೆಯ ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಸವುಳು ಮಣ್ಣು ಹಾಕುತ್ತಾರೆ. ಉಪ್ಪಿನಂಶದ ಈ ಮಣ್ಣು ನೆನೆದೊಡನೆ ಹರಡಿ ಸಂದುಗಳನ್ನು ಮುಚ್ಚುತ್ತದೆ. ವರ್ಷ ವರ್ಷವೂ ನಡೆಯುವ ಈ ಕೆಲಸ, ಶಾಸನದ ಭಾಷೆಯಲ್ಲಿ ಹೇಳುವುದಾದರೆ, ದತ್ತಿಯಿಲ್ಲದ ಖಂಡಸ್ಫುಟಿತ. ಕಾಂಕ್ರೀಟಿನ ತಾರಸಿ ಬಂದ ಮನೆಗಳಲ್ಲಿ ಅದು ನಿಂತಿದೆ; ಕೆಡವಿದ ಗೋಡೆಯ ಕಲ್ಲುಗಳು ಹೊಸ ಮನೆಯ ಬುನಾದಿ ಸೇರುತ್ತವೆ, ಉಳಿದವು ಹೊಲದ ಒಡ್ಡಿಗೆ ಹೋಗುತ್ತವೆ.